ಅಸ್ಫಟಿಕ ಇಂಗಾಲದ ತೆಳುಪೊರೆ: ಒಂದು ಸೂತ್ರದ ಚರಿತ್ರೆ

ಇಂಗಾಲವು ವಜ್ರರೂಪದಲ್ಲಿ ಬೆಳಕನ್ನು ಒಳಬಿಡುತ್ತದೆ. ಗ್ರಾಫೈಟಿನ ರೂಪದಲ್ಲಿ ಅದನ್ನು ನುಂಗುತ್ತದೆ. ವಜ್ರದಲ್ಲಿ ಎಲೆಕ್ಟ್ರಾನುಗಳು ದಾಟಬೇಕಾದ ಶಕ್ತ್ಯಂತರವು ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್. ಗ್ರಾಫೈಟಿನಲ್ಲಿ ಅಂತಹ ಅಂತರವೇ ಇಲ್ಲ. ಅಸ್ಫಟಿಕ ಇಂಗಾಲದ ಪೊರೆಯಲ್ಲಾದರೋ ಈ ಎರಡು ಬಗೆಯ ಬಂಧಗಳೂ ಕ್ರಮವಿಲ್ಲದೆ ಬೆರೆತಿರುತ್ತವೆ. ಇಂತಹ ವಸ್ತುವಿನ ವಕ್ರೀಭವನಾಂಕವನ್ನೂ ಹೀರಿಕೆಯನ್ನೂ ಸೂತ್ರದಲ್ಲಿ ಹಿಡಿಯುವ ಯತ್ನವು ಹೇಗೆ ಬೆಳೆಯಿತು, ಅದರಿಂದ ದೊರೆತ ಸಂಖ್ಯೆಗೆ ಎಷ್ಟು ಅರ್ಥವುಂಟು ಎಂಬುದೇ ಇಲ್ಲಿಯ ವಿಚಾರ.

ಈ ಚರಿತ್ರೆಯ ಮೊದಲ ಘಟ್ಟವು ಇಂಗಾಲಕ್ಕೆ ಸೇರಿದುದಲ್ಲ. 1966ರಲ್ಲಿ ಟೌಟ್ಸ್, ಗ್ರಿಗೊರೊವಿಚಿ, ವಾಂಕು ಎಂಬ ಮೂವರು ಅಸ್ಫಟಿಕ ಜರ್ಮೇನಿಯಮ್ಮಿನ ಹೀರಿಕೆಯನ್ನು ಪರೀಕ್ಷಿಸಿದರು. ಹೀರಿಕೆಯ ಗುಣಾಂಕವನ್ನು ಬೆಳಕಿನ ಶಕ್ತಿಯಿಂದ ಗುಣಿಸಿ, ವರ್ಗಮೂಲ ತೆಗೆದು ನಕ್ಷೆ ಬರೆದರೆ ಸುಮಾರಾಗಿ ಒಂದು ನೇರ ಗೆರೆ ಬರುತ್ತದೆ. ಅದು ಶಕ್ತಿಯ ಅಕ್ಷವನ್ನು ಮುಟ್ಟುವ ಬಿಂದುವನ್ನೇ ಶಕ್ತ್ಯಂತರವೆಂದು ಎಣಿಸುವ ಪದ್ಧತಿ ಹೀಗೆ ಹುಟ್ಟಿತು. 1971ರಲ್ಲಿ ಐಸೆನ್‌ಬರ್ಗ್ ಮತ್ತು ಚಾಬಟ್ ಅಯಾನು ಕಿರಣಗಳಿಂದ ವಜ್ರಸದೃಶವಾದ ಇಂಗಾಲದ ಪೊರೆಗಳನ್ನು ಪಡೆದರು. ಅಂತಹ ಪೊರೆಗಳ ಅಧ್ಯಯನವು ಬೆಳೆದಂತೆ, ಜರ್ಮೇನಿಯಮ್ಮಿಗಾಗಿ ಹುಟ್ಟಿದ ಅಳತೆಗೋಲು ಇಂಗಾಲಕ್ಕೂ ಅನ್ವಯವಾಯಿತು.

1986ರಲ್ಲಿ ಫರೂಹಿ ಮತ್ತು ಬ್ಲೂಮರ್ ಐದೇ ಸ್ಥಿರಾಂಕಗಳ ಸೂತ್ರವೊಂದನ್ನು ನಿರೂಪಿಸಿದರು. ಅದು ಸರಳವಾಗಿತ್ತು, ಪ್ರಯೋಗದ ಅಂಕಿಗಳಿಗೂ ಚೆನ್ನಾಗಿ ಹೊಂದುತ್ತಿತ್ತು. ಆದರೆ ಶಕ್ತ್ಯಂತರಕ್ಕಿಂತ ಕೆಳಗೂ ಅದು ಹೀರಿಕೆಯನ್ನು ತೋರಿಸುತ್ತದೆ. ಶಕ್ತಿಯು ಮಿತಿಮೀರಿ ಏರಿದಾಗಲೂ ಹೀರಿಕೆಯು ಸೊನ್ನೆಗೆ ಇಳಿಯುವುದಿಲ್ಲ. 1996ರಲ್ಲಿ ಜೆಲ್ಲಿಸನ್ ಮತ್ತು ಮೊಡೀನ್ ಟೌಟ್ಸರ ನಿಯಮವನ್ನು ಲೊರೆಂಟ್ಸರ ಆಂದೋಲಕದೊಡನೆ ಕೂಡಿಸಿ ಈ ಎರಡು ದೋಷಗಳನ್ನೂ ನಿವಾರಿಸಿದರು. ಹೀರಿಕೆಯಿಂದ ವಕ್ರೀಭವನವನ್ನು ಗಣಿಸುವ ಕ್ರಾಮರ್ಸ್–ಕ್ರೋನಿಗ್ ಸಂಬಂಧವನ್ನೂ ಅವರ ಸೂತ್ರವು ಪಾಲಿಸುತ್ತದೆ.

ಸೂತ್ರವು ನಿರ್ದೋಷವಾದ ಮಾತ್ರಕ್ಕೆ ಅರ್ಥವು ನಿಶ್ಚಿತವಾಗಲಿಲ್ಲ. ಇಂಗಾಲದ ಪೊರೆಯಲ್ಲಿ ಶಕ್ತ್ಯಂತರವನ್ನು ನಿರ್ಣಯಿಸುವುದು ಗ್ರಾಫೈಟಿನ ಬಗೆಯ ಬಂಧಗಳ ಗುಂಪುಗಳು ಎಂದು 1987ರಲ್ಲೇ ರಾಬರ್ಟ್‌ಸನ್ ಮತ್ತು ಓ'ರೈಲಿ ಪ್ರತಿಪಾದಿಸಿದ್ದರು. ಗುಂಪುಗಳ ಗಾತ್ರ ಹಲವು ಬಗೆಯದಾದರೆ ಅಂತರದ ಅಂಚೂ ಹರಡಿಕೊಳ್ಳುತ್ತದೆ. ಆದುದರಿಂದಲೇ ಹೀರಿಕೆಯು ಸೆಂಟಿಮೀಟರಿಗೆ 10,000 ಆಗುವ ಶಕ್ತಿಯನ್ನು ಅಂತರವೆಂದು ಕರೆಯುವ ಇನ್ನೊಂದು ರೂಢಿಯೂ ಬಳಕೆಯಲ್ಲಿದೆ. ಒಂದೇ ಪೊರೆಗೆ ಈ ಎರಡು ರೂಢಿಗಳು ಬೇರೆ ಬೇರೆ ಸಂಖ್ಯೆಗಳನ್ನು ಕೊಡುತ್ತವೆ.

ವಿದ್ಯಾರ್ಥಿಗಳು ಗಮನಿಸಬೇಕಾದುದು ಇಷ್ಟೇ: ಗೆರೆಯು ಬಿಂದುಗಳ ಮೇಲೆ ಹಾದುಹೋಯಿತೆಂಬುದು ಸೂತ್ರದ ಸತ್ಯತೆಗೆ ಸಾಕ್ಷಿಯಲ್ಲ. ಶಕ್ತ್ಯಂತರವನ್ನು ಹೇಳುವಾಗ ಅದನ್ನು ಯಾವ ಸೂತ್ರದಿಂದ, ಯಾವ ರೂಢಿಯಿಂದ ಪಡೆಯಲಾಯಿತೆಂಬುದನ್ನೂ ಹೇಳದಿದ್ದರೆ, ಆ ಸಂಖ್ಯೆಯು ಅಪೂರ್ಣವೇ ಸರಿ.