ದಸರಾ ಸೇಲು, ಸುಗ್ಗಿಯ ದುಡ್ಡು

ದಸರಾ ಹತ್ತಿರ ಬಂತೆಂದರೆ ಪತ್ರಿಕೆಯ ಮೊದಲ ಪುಟ ಕಾಣೆಯಾಗಿಬಿಡುತ್ತದೆ. ಸುದ್ದಿ ಬೇಕೆಂದರೆ ಮೂರನೇ ಪುಟಕ್ಕೇ ಹೋಗಬೇಕು. ಮೊದಲೆರಡರ ತುಂಬ ಫ್ರಿಜ್ಜು, ವಾಷಿಂಗ್ ಮಷೀನು, ಟಿ.ವಿ.ಗಳದೇ ದರ್ಬಾರು. ಮೊಬೈಲ್ ತೆಗೆದರೆ ಅಲ್ಲೂ ಅದೇ. ಐವತ್ತು ಪರ್ಸೆಂಟ್ ಬಿಟ್ಟಿದ್ದಾರಂತೆ, ಅರವತ್ತು ಬಿಟ್ಟಿದ್ದಾರಂತೆ... ಇಷ್ಟೊಂದು ಬಿಡುವವರು ಮೊದಲು ಹಿಡಿದಿದ್ದಾದರೂ ಎಷ್ಟು ಅಂತ ಯಾರೂ ಕೇಳುವುದಿಲ್ಲ ಅನ್ನಿ!

ಆ ಪ್ರಶ್ನೆಗೆ ಆಮೇಲೆ ಬರೋಣ. ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ. ಈ ದೊಡ್ಡ ಸೇಲು ದಸರಾ-ದೀಪಾವಳಿಗೇ ಯಾಕೆ? "ಹಬ್ಬ ಅಲ್ವಾ, ಅದಕ್ಕೆ" ಎನ್ನುವುದು ಸುಲಭದ ಉತ್ತರ. ಆದರೆ ಹಬ್ಬಗಳಿಗೇನು ನಮ್ಮಲ್ಲಿ ಬರವೇ? ಸಂಕ್ರಾಂತಿ ಇದೆ, ಯುಗಾದಿ ಇದೆ, ಪಂಚಮಿ ಇದೆ. ಅಕ್ಟೋಬರ್ ಸುತ್ತಲೇ ಎಲ್ಲ ಅಂಗಡಿಗಳೂ ಕೂಡಿ ಕುಣಿಯುವುದಕ್ಕೆ ಬೇರೆ ಕಾರಣ ಇರಬೇಕು. ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಇದು ಹೊಳೆಯುವುದು ಕಷ್ಟ. ಇಂಡಿ ತಾಲ್ಲೂಕಿನ ಲಚ್ಯಾಣದಂಥ ಊರಲ್ಲಿ ನಿಂತು ನೋಡಿದರೆ ಥಟ್ಟನೆ ಹೊಳೆಯುತ್ತದೆ.

ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು. ಹೋಟಗಿ-ಗದಗ ರೈಲು ದಾರಿಯ ಮೇಲೆ ಒಂದು ನಿಲ್ದಾಣ. 1876-78ರ ಭೀಕರ ಬರದ ನಂತರ ಬರದ ಸೀಮೆಗೆ ಕಾಳು ಸಾಗಿಸಲು ಅನುಕೂಲವಾಗಲೆಂದು ಹಾಕಿದ ದಾರಿ ಇದು, 1884ರ ಹೊತ್ತಿಗೆ ಗಾಡಿ ಓಡಾಡತೊಡಗಿತು. ಈ ಕಡೆ ಹತ್ತಿದರೆ ವಿಜಯಪುರ, ಆ ಕಡೆ ಹತ್ತಿದರೆ ಸೊಲ್ಲಾಪುರ. 1956ರವರೆಗೆ ಎರಡೂ ಮುಂಬೈ ರಾಜ್ಯದಲ್ಲೇ ಇದ್ದವು. ರಾಜ್ಯದ ಗಡಿ ನಡುವೆ ಬಂದ ಮೇಲೂ ದೊಡ್ಡ ಖರೀದಿ ಎಂದರೆ ಸೊಲ್ಲಾಪುರ ಎನ್ನುವ ರೂಢಿ ಭೀಮಾ ತೀರದ ಊರುಗಳಿಂದ ಹೋಗಲಿಲ್ಲ.

ಈಗ ಇಲ್ಲಿಯ ಹೊಲದ ಪಂಚಾಂಗ ನೋಡಿ. ಉತ್ತರಿ, ಹಸ್ತಾ ಮಳೆ ಬಿದ್ದಾಗ, ಅಂದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹಿಂಗಾರಿ ಬಿಳಿಜೋಳದ ಬಿತ್ತಿಗೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ಜೋಳದ ರಾಶಿ ಫೆಬ್ರವರಿ-ಮಾರ್ಚ್‌ಗೆ. ಕಬ್ಬಿನ ಕಾರ್ಖಾನೆ ಶುರುವಾಗುವುದೇ ಹೆಚ್ಚುಕಡಿಮೆ ನವೆಂಬರ್ ಹೊತ್ತಿಗೆ, ಬಿಲ್ಲು ಆಮೇಲಿನ ಮಾತು. ಇಂಡಿಯ ಲಿಂಬೆಗೆ ಒಳ್ಳೆ ರೇಟು ಸಿಗುವುದು ಬೇಸಿಗೆಯಲ್ಲಿ. ಒಟ್ಟಿನಲ್ಲಿ ದಸರಾ ಎಂದರೆ ಇಲ್ಲಿ ದುಡ್ಡು ಬರುವ ಕಾಲ ಅಲ್ಲ. ಬೀಜ, ಗೊಬ್ಬರ, ಆಳಿನ ಪಗಾರ ಅಂತ ದುಡ್ಡು ಮಣ್ಣಿಗೆ ಹೋಗುವ ಕಾಲ! ಬನ್ನಿ ಎಲೆಯನ್ನೇ ಬಂಗಾರ ಅಂತ ಕೊಟ್ಟು ತಗೊಳ್ಳುವ ಹಬ್ಬ ಈ ಸೀಮೆಗೆ ಎಷ್ಟು ಒಪ್ಪುತ್ತದೆ ನೋಡಿ. ನಿಜವಾದ ಬಂಗಾರ ಕೊಳ್ಳುವ ದುಡ್ಡು ಆಗ ಕೈಯಲ್ಲಿ ಇರುವುದೇ ಇಲ್ಲವಲ್ಲ.

ಹಾಗಾದರೆ ಹಿಂದೆ ಜನ ದೊಡ್ಡ ಸಾಮಾನು ಕೊಳ್ಳುತ್ತಿದ್ದುದು ಯಾವಾಗ? ರಾಶಿ ಮುಗಿದ ಮೇಲೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಅದೇ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ. ಎತ್ತಿನಿಂದ ಹಿಡಿದು ಹಿತ್ತಾಳೆ ಕೊಡದವರೆಗೆ ಖರೀದಿಗೆ ಅದೇ ಸಮಯ. ಆಮೇಲೆ ಯುಗಾದಿ, ಅದರ ಹಿಂದೆಯೇ ಮದುವೆಗಳ ಹಂಗಾಮು. ಭಾಂಡೆ ಅಂಗಡಿಯಲ್ಲಿ "ಕಡೀ ಮಾತ ಹೇಳ್ರಿ ಸಾವಕಾರ್ರ" ಅಂತ ಚೌಕಾಸಿ ಮಾಡಿ ಕೊಳ್ಳುವುದು. ರೊಕ್ಕ ಸಾಲದಿದ್ದರೆ ಉದ್ರಿ. ಆ ಉದ್ರಿಗೂ ಒಂದು ಲೆಕ್ಕ ಇತ್ತು. ತೀರಿಸುವ ಗಡುವು "ರಾಶಿ ಆದ ಮ್ಯಾಲ". ಬಡ್ಡಿ ಇರಲಿಲ್ಲ ಅಂತ ಅಲ್ಲ, ಸಾವಕಾರ ದೇವರೂ ಅಲ್ಲ. ಆದರೆ ಬೆಳೆ ಬರುವ ತಿಂಗಳು ಯಾವುದು ಅಂತ ಅವನಿಗೆ ಗೊತ್ತಿತ್ತು.

ತಿಂಗಳು ತಿಂಗಳಿಗೆ ಕಂತು ಕಟ್ಟುವ ಪದ್ಧತಿಯನ್ನು ಮನೆಯೊಳಗೆ ತಂದದ್ದು ಹೊಲಿಗೆ ಯಂತ್ರ. ಅಮೆರಿಕದ ಸಿಂಗರ್ ಕಂಪನಿ 1850ರ ದಶಕದಲ್ಲೇ ಕಂತಿನ ಮೇಲೆ ಮಷೀನು ಮಾರಲು ಶುರು ಮಾಡಿತ್ತು. ಹತ್ತೊಂಬತ್ತನೇ ಶತಮಾನ ಮುಗಿಯುವ ಮುಂಚೆಯೇ ಆ ಪದ್ಧತಿ ಭಾರತಕ್ಕೂ ಬಂತು. ಅದನ್ನು ಹೆಚ್ಚಾಗಿ ಬಳಸಿಕೊಂಡವರು ದರ್ಜಿಗಳು ಮತ್ತು ಪ್ರತಿ ತಿಂಗಳು ಪಗಾರ ಬರುವ ಜನ. ಕಂತು ಹುಟ್ಟಿದ್ದೇ ಪಗಾರಕ್ಕಾಗಿ, ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಮೊದಲಿನ ಪ್ರಶ್ನೆ. ಅಕ್ಟೋಬರ್ ಯಾಕೆ? ಒಂದು ಕಾರಣ ವ್ಯಾಪಾರಿಗಳದು. ದೀಪಾವಳಿಗೆ ಲಕ್ಷ್ಮೀಪೂಜೆ, ಪಾಡ್ಯಕ್ಕೆ ಹೊಸ ಖಾತೆ ಕಿರ್ದಿ. ಹಳೇ ಮಾಲು ಖಾಲಿ ಮಾಡಲು ಒಳ್ಳೆ ನೆಪ. ಇನ್ನೊಂದು, ಇದಕ್ಕಿಂತ ದೊಡ್ಡದು, ಬೋನಸ್ಸು. ಮುಂಬೈ ಬಟ್ಟೆ ಗಿರಣಿಗಳಲ್ಲಿ ಮೊದಲ ಮಹಾಯುದ್ಧದ ಕಾಲದ ಲಾಭದಲ್ಲಿ ಕಾರ್ಮಿಕರಿಗೆ ಬೋನಸ್ ಕೊಡುವುದು ಶುರುವಾಯಿತು. ಅದನ್ನು ನಿಲ್ಲಿಸಲು ಹೋದಾಗ 1924ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಮುಂದೆ 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಈಗಿರುವ ಕನಿಷ್ಠ ಬೋನಸ್ 8.33 ಪರ್ಸೆಂಟ್, ಅಂದರೆ ಸರಿಯಾಗಿ ವರ್ಷದ ಹನ್ನೆರಡನೇ ಒಂದು ಪಾಲು, ಹದಿಮೂರನೇ ತಿಂಗಳ ಪಗಾರ ಇದ್ದ ಹಾಗೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕು ಎಂದಿತು ಕಾಯ್ದೆ. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಎಂಟು ತಿಂಗಳು ಎಂದರೆ ನವೆಂಬರ್ 30. ನಡುವೆ ಬರುವ ದೊಡ್ಡ ಹಬ್ಬ ಯಾವುದು? ದೀಪಾವಳಿ!

ಹೀಗೆ ಗಿರಣಿ, ಕಾರ್ಖಾನೆ, ಕಚೇರಿಗಳ ದುಡ್ಡು ಒಟ್ಟಿಗೆ ಬೀದಿಗೆ ಬರುವ ವಾರ ಅದಾಯಿತು. ಸೊಲ್ಲಾಪುರವೂ ಗಿರಣಿಗಳ ಊರೇ. ಅಂಗಡಿಯವರು ಅಲ್ಲಿಗೆ ಬಲೆ ಹಾಕಿದ್ದರಲ್ಲಿ ತಪ್ಪೇನಿಲ್ಲ, ಮೀನು ಎಲ್ಲಿದೆಯೋ ಅಲ್ಲಿ ಬಲೆ. ಆದರೆ ಅದು ಪಗಾರದಾರನ ಸುಗ್ಗಿ, ಒಕ್ಕಲಿಗನದಲ್ಲ.

ಬಹಳ ದಿನ ಇದರಿಂದ ಹಳ್ಳಿಗೆ ಬಾಧೆಯೂ ಇರಲಿಲ್ಲ, ಲಾಭವೂ ಇರಲಿಲ್ಲ. ಕರೆಂಟೇ ಸರಿಯಾಗಿ ಇಲ್ಲದ ಮೇಲೆ ಫ್ರಿಜ್ ತಂದು ಬಟ್ಟೆ ಇಡಬೇಕೇ? ಮೊದಲು ಬಂದದ್ದು ಟಿ.ವಿ. 1982ರ ಏಷ್ಯಾಡ್‌ಗೆ ಬಣ್ಣ ಬಂತು, 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಶುರುವಾಯಿತು. ಇಡೀ ಓಣಿಗೆ ಒಂದೇ ಟಿ.ವಿ. ಇದ್ದ ಕಾಲ. 1990ರ ದಶಕದ ನಡುವೆ ಅಕಾಯಿ ಟಿ.ವಿ. ಮಾರುತ್ತಿದ್ದವರು ದೇಶಕ್ಕೆಲ್ಲ ಒಂದು ಹೊಸ ಪಾಠ ಹೇಳಿಕೊಟ್ಟರು: ಎಕ್ಸ್‌ಚೇಂಜ್. ಹಳೇ ಟಿ.ವಿ. ಕೊಡಿ, ಹೊಸದಕ್ಕೆ ಇಷ್ಟು ಸಾವಿರ ಕಡಿಮೆ. ಬಿಪಿಎಲ್, ವಿಡಿಯೋಕಾನ್, ಒನಿಡಾ ನಡುವೆ ಪೈಪೋಟಿ ಹತ್ತಿತು. ಸ್ಯಾಮ್‌ಸಂಗ್ 1995ಕ್ಕೆ, ಎಲ್‌ಜಿ 1997ಕ್ಕೆ ಬಂದವು. ಪೈಪೋಟಿಯಿಂದ ಬೆಲೆ ನಿಜವಾಗಿಯೂ ಇಳಿಯಿತು, ಅದನ್ನು ಇಲ್ಲ ಅನ್ನಬಾರದು.

ಈಗ ಆ 'ಹಿಡಿದಿದ್ದೆಷ್ಟು' ಪ್ರಶ್ನೆ. ಕಳೆಯಬೇಕೆಂದರೆ ಮೇಲೊಂದು ಸಂಖ್ಯೆ ಬೇಕಲ್ಲ? ಆ ಸಂಖ್ಯೆಯೇ ಎಂ.ಆರ್.ಪಿ. ಮೊದಲು ಪೊಟ್ಟಣದ ಮೇಲೆ 'ಸ್ಥಳೀಯ ತೆರಿಗೆ ಬೇರೆ' ಅಂತ ಬರೆಯಬಹುದಿತ್ತು, ಅಂಗಡಿಗೊಂದು ತೆರಿಗೆ! 1990ರಲ್ಲಿ ನಿಯಮ ತಿದ್ದಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚು ಹಾಕಬೇಕು ಎಂದು ಮಾಡಿದರು. ಉದ್ದೇಶ ಚೆನ್ನಾಗಿತ್ತು, ಗಿರಾಕಿಗೆ ರಕ್ಷಣೆ. ಆದರೆ ಆ ಗರಿಷ್ಠ ಎಷ್ಟಿರಬೇಕು ಎಂದು ತೀರ್ಮಾನಿಸುವವನು ತಯಾರಕನೇ. ಯಾರೂ ಕೊಡದ ಬೆಲೆಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿ, ಅದರಿಂದ ಅರ್ಧ ಕಳೆದರೆ ಆಯಿತು ಐವತ್ತು ಪರ್ಸೆಂಟ್ ರಿಯಾಯಿತಿ. ಕಾನೂನಿಗೆ ಈ ಆಟ ಗೊತ್ತಿಲ್ಲದೇ ಇಲ್ಲ. 1986ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಸುಳ್ಳು 'ಅಗ್ಗದ ಬೆಲೆ' ತೋರಿಸುವುದನ್ನು ಅನುಚಿತ ವ್ಯಾಪಾರ ಎಂದಿದೆ. 2022ರ ಜಾಹೀರಾತು ಮಾರ್ಗಸೂಚಿಯಂತೂ ಗಾಳದ ಜಾಹೀರಾತು, ಅಂದರೆ ನಾಲ್ಕು ಪೀಸು ಅಗ್ಗಕ್ಕೆ ಇಟ್ಟು ಊರನ್ನೇ ಕರೆಯುವ ಆಟದ ಬಗ್ಗೆ ಬೇರೆಯಾಗಿಯೇ ಹೇಳುತ್ತದೆ.

2006ರ ಜನವರಿ 26ಕ್ಕೆ ಬಿಗ್ ಬಜಾರ್ 'ಎಲ್ಲಕ್ಕಿಂತ ಅಗ್ಗದ ದಿನ' ಅಂತ ಮಾಡಿದಾಗ ನುಗ್ಗಿದ ಜನರನ್ನು ತಡೆಯಲಾಗದೆ ಕೆಲವು ಕಡೆ ಬಾಗಿಲು ಹಾಕಬೇಕಾಯಿತು. 2014ರ ಅಕ್ಟೋಬರ್ 6ಕ್ಕೆ ಬೆಂಗಳೂರಿನ ಫ್ಲಿಪ್‌ಕಾರ್ಟ್ 'ಬಿಗ್ ಬಿಲಿಯನ್ ಡೇ' ಮಾಡಿತು. ಹತ್ತು ತಾಸಿನಲ್ಲಿ 600 ಕೋಟಿ ರೂಪಾಯಿ ವ್ಯಾಪಾರ ಎಂದರು. ಸೈಟು ಕುಸಿಯಿತು, ಮಾಲು ಖಾಲಿಯಾಯಿತು, ಮರುದಿನ ಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆ ಕೇಳಿದರು. (ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಬಿಜಾಪುರ ವಿಜಯಪುರವಾಯಿತು. ಹಳೇ ಹೆಸರು ಕೊಟ್ಟು ಹೊಸ ಹೆಸರು, ಅದೂ ಒಂದು ಎಕ್ಸ್‌ಚೇಂಜ್!) ಮುಂದಿನ ವರ್ಷದಿಂದ ಒಂದು ದಿನದ ಸೇಲು ಹಲವು ದಿನದ್ದಾಯಿತು, ಅಮೆಜಾನ್ ಕೂಡ ಕಣಕ್ಕಿಳಿಯಿತು. ಚೀನಾದ ಅಲಿಬಾಬಾ 2009ರಿಂದಲೇ ನವೆಂಬರ್ 11ಕ್ಕೆ ಹೀಗೇ ಮಾಡುತ್ತಿತ್ತು. ಕಡೆಗೆ ಸರಕಾರವೂ ಇದೇ ಪಂಚಾಂಗ ಹಿಡಿಯಿತು. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಎ.ಸಿ. ಮತ್ತು ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು. ಫ್ರಿಜ್ಜು, ವಾಷಿಂಗ್ ಮಷೀನುಗಳ ತೆರಿಗೆ 2018ರ ಜುಲೈನಲ್ಲೇ 18ಕ್ಕೆ ಇಳಿದಿತ್ತು ಎಂಬುದು ಗದ್ದಲದಲ್ಲಿ ಎಷ್ಟೋ ಜನಕ್ಕೆ ಮರೆತೇಹೋಗಿತ್ತು.

ಅಷ್ಟರಲ್ಲಿ ಹಳ್ಳಿಯೂ ಬದಲಾಗಿತ್ತು. ಪಂಪ್‌ಸೆಟ್ಟಿನ ಲೈನು ಬೇರೆ, ಮನೆಗಳ ಲೈನು ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆಯಿಂದ ಮನೆಗೆ ದಿನವಿಡೀ ಕರೆಂಟು ಬರತೊಡಗಿತು. ಇದೇ ಜಿಲ್ಲೆಯ ಆಲಮಟ್ಟಿಯಲ್ಲಿ 290 ಮೆಗಾವಾಟ್, ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು. ಫ್ರಿಜ್ಜಿಗೆ ಜಾಗ ಆಯಿತು. ಆದರೆ ಅಕ್ಟೋಬರ್‌ನಲ್ಲಿ ದುಡ್ಡೆಲ್ಲಿ? ಆ ಸಂದಿಯಲ್ಲಿ ಬಂದು ಕೂತದ್ದೇ ಇ.ಎಂ.ಐ.

"ಬಡ್ಡಿ ಇಲ್ರೀ, ಬರೇ ಕಂತು" ಅಂತಾರೆ. ಬಡ್ಡಿ ಇಲ್ಲದ ಸಾಲ ಇದೆಯೇ? 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಈ ಸೊನ್ನೆ ಬಡ್ಡಿಯ ಸ್ಕೀಮುಗಳನ್ನು ತಡೆಯಿತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದನ್ನು ಪ್ರೊಸೆಸಿಂಗ್ ಫೀ ಮುಂತಾದ ವೇಷದಲ್ಲಿ ವಸೂಲು ಮಾಡುತ್ತಾರೆ ಎಂಬುದು ಅದರ ವಾದ. ಆಮೇಲೆ ಬಂದದ್ದು 'ನೋ ಕಾಸ್ಟ್' ಕಂತು. ಉದಾಹರಣೆಗೆ 24,000 ರೂಪಾಯಿಯ ಫ್ರಿಜ್ ಅಂತ ಹಿಡಿಯಿರಿ. ನಗದು ಕೊಟ್ಟವನಿಗೆ 22,500ಕ್ಕೆ ಸಿಗುತ್ತದೆ. ಕಂತಿನವನಿಗೆ 24,000. ಆ ಒಂದೂವರೆ ಸಾವಿರವೇ ಬಡ್ಡಿ, ಹೆಸರು ಮಾತ್ರ ಬೇರೆ.

ಹಣಕ್ಕಿಂತ ದೊಡ್ಡ ತೊಡಕು ತಾರೀಖಿನದು. ಅಕ್ಟೋಬರ್‌ನಲ್ಲಿ ಫ್ರಿಜ್ ಮನೆಗೆ ಬಂದರೆ ನವೆಂಬರ್‌ಗೆ ಮೊದಲ ಕಂತು. ಜೋಳ ಆಗಿನ್ನೂ ಗೇಣುದ್ದ. ಎಳ್ಳ ಅಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಒಂದೆರಡು ಕಂತು ಹೋಗಿಬಿಟ್ಟಿರುತ್ತವೆ, ಕಾಳಿನ್ನೂ ಮನೆಗೆ ಬಂದಿರುವುದಿಲ್ಲ. ಬರ ಬಿದ್ದರಂತೂ ಕೇಳಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ಆ ಅಕ್ಟೋಬರ್‌ನಲ್ಲೂ ಸೇಲು ಸೇಲೇ. ಸಾವಕಾರನ ಉದ್ರಿಯಾದರೆ "ಮುಂದಿನ ರಾಶಿಗೆ ನೋಡೋಣು" ಅಂತ ಮಾತಿಗೆ ಜಾಗ ಇತ್ತು. ಕಂತು ಬ್ಯಾಂಕ್ ಖಾತೆಯಿಂದ ತಾನೇ ಕಟ್ ಆಗುತ್ತದೆ. ಖಾತೆಯಲ್ಲಿ ಇಲ್ಲದಿದ್ದರೆ ದಂಡ, ಮೇಲೆ ಸಿಬಿಲ್ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆ. ನಾಳೆ ಬೇರೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ತೆಗೆದು ನೋಡುವುದು ಅದೇ ದಾಖಲೆಯನ್ನು. ಮಿಕ್ಸರಿನ ಕಂತು ಟ್ರ್ಯಾಕ್ಟರಿನ ಸಾಲಕ್ಕೆ ಅಡ್ಡ ಬಂದರೆ ಆ ರಿಯಾಯಿತಿ ಎಷ್ಟು ತುಟ್ಟಿಯಾಯಿತು ಲೆಕ್ಕ ಹಾಕಿ.

ಇದಕ್ಕೊಂದು ಹೊಸ ತಿರುವೂ ಇದೆ. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000, ವರ್ಷಕ್ಕೆ 24,000. ಆ ದುಡ್ಡು ಕೂಡಿಸಿ ಫ್ರಿಜ್, ವಾಷಿಂಗ್ ಮಷೀನ್ ಕೊಂಡ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಕ್ಕಲುತನದ ಮನೆಯೊಳಗೆ ತಿಂಗಳ ಲೆಕ್ಕದ ದುಡ್ಡು, ಅದೂ ಹೆಣ್ಣುಮಗಳ ಖಾತೆಗೆ! ಕೂಡಿಟ್ಟು ನಗದಿಗೆ ಕೊಂಡವರು ನಿಜವಾಗಿ ಜಾಣೆಯರು. ಅದೇ ದುಡ್ಡನ್ನು ನಂಬಿ ಮೊದಲೇ ಕಂತು ಹಿಡಿದರೆ, ಹಣ ಜಮಾ ಆಗುವುದು ತಡವಾದ ತಿಂಗಳು ಪೇಚಾಟ. ಇನ್ನೊಂದು ಮಾತು. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಅಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ. ಆ ವರ್ಷ ಫ್ರಿಜ್ ಇಲ್ಲದ ಮನೆಯ ಮಿತಿ ಚಿಕ್ಕದು. ಹೊಸ ಫ್ರಿಜ್ ಬಂದರೆ ಮಿತಿ ಮೀರಿದ ಯೂನಿಟ್ಟಿಗೆ ಬಿಲ್ಲು ಬರಬಹುದು. ಕೊಳ್ಳುವಾಗ ಬೆಲೆಯ ಚೀಟಿ ಮಾತ್ರ ಅಲ್ಲ, ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವ ಸ್ಟಾರ್ ಚೀಟಿಯನ್ನೂ ಓದಬೇಕು.

ಸೇಲೇ ಮೋಸ ಅಂತ ನಾನು ಹೇಳುತ್ತಿಲ್ಲ. ಅಕ್ಟೋಬರ್‌ನಲ್ಲಿ ಕೈಯಲ್ಲಿ ರೊಕ್ಕ ಇದ್ದವರಿಗೆ ಅದು ಲಾಭವೇ. ಆದರೆ ಸೇಲಿನ ತಾರೀಖು ಗೊತ್ತು ಮಾಡಿದ್ದು ಬೋನಸ್ಸು ಮತ್ತು ಪಗಾರ, ನಮ್ಮ ಮಳೆ ನಕ್ಷತ್ರಗಳಲ್ಲ. ಮನೆಗೆ ಮಷೀನು ಬರಲಿ, ಹೆಂಗಸರ ಬೆನ್ನು ನೋವು ಕಡಿಮೆಯಾಗಲಿ, ಇದರಲ್ಲಿ ಎರಡು ಮಾತಿಲ್ಲ. ಅದು ರಾಶಿ ಆದ ಮೇಲೆ ಬಂದರೂ ನಡೆಯುತ್ತದೆ. ಆಗ ಕಾಗದದ ಮೇಲಿನ ರಿಯಾಯಿತಿ ಕಡಿಮೆ ಇರಬಹುದು. ಆದರೆ ಎಣಿಸಿ ನಗದು ಇಟ್ಟು "ಕಡೀ ಮಾತ ಹೇಳ್ರಿ" ಅಂತ ಕೇಳುವ ಗಿರಾಕಿಯ ದನಿಗೆ ಇರುವ ತೂಕ ಕಂತಿನ ಅರ್ಜಿಗೆ ಸಹಿ ಹಾಕುವವನಿಗೆ ಇರುವುದಿಲ್ಲ.

ನಿಮ್ಮ ಊರಿನ ಕಡೆ ದೊಡ್ಡ ಸಾಮಾನು ಕೊಳ್ಳುವ ತಿಂಗಳು ಯಾವುದಿತ್ತು? ಅಡಿಕೆ ಕೊಯ್ಲಿನ ನಂತರವೋ, ಭತ್ತದ ಸುಗ್ಗಿಗೋ, ಕಾಫಿ ಮಾರಿದ ಮೇಲೋ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ, ಓದುವ ಆಸೆಯಿದೆ.