ಸರ್ಕಾರಿ ನೆರವು ಮತ್ತು ಸಾರ್ವಜನಿಕ ಪ್ರಸಾರ (ಐರೋಪ್ಯ ಒಕ್ಕೂಟ)

ಐರೋಪ್ಯ ಒಕ್ಕೂಟದ ರಾಷ್ಟ್ರಗಳು ತಮ್ಮ ಸಾರ್ವಜನಿಕ ರೇಡಿಯೊ, ಟೆಲಿವಿಷನ್ ಸಂಸ್ಥೆಗಳಿಗೆ ಒದಗಿಸುವ ಹಣಕ್ಕೆ ಅನ್ವಯಿಸುವ ನಿಯಮಗಳು. ಸ್ಪರ್ಧೆಯನ್ನು ಕೆಡಿಸುವ ಸರ್ಕಾರಿ ನೆರವಿಗೆ ಒಕ್ಕೂಟದ ಕಾನೂನಿನಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೆ 1997ರ ಆಮ್‌ಸ್ಟರ್‌ಡ್ಯಾಮ್ ಒಪ್ಪಂದಕ್ಕೆ ಸೇರಿಸಿದ ಪ್ರೋಟೊಕಾಲ್, ಸಾರ್ವಜನಿಕ ಪ್ರಸಾರಕ್ಕೂ ಪ್ರಜಾಪ್ರಭುತ್ವದ ಅಗತ್ಯಗಳಿಗೂ ನೇರ ನಂಟಿದೆಯೆಂದು ಒಪ್ಪಿ, ಹಣ ಒದಗಿಸುವ ಅಧಿಕಾರವನ್ನು ಆಯಾ ರಾಷ್ಟ್ರಕ್ಕೇ ಬಿಟ್ಟಿತು. ಈ ಮನ್ನಣೆಯೇ ಇಡೀ ವ್ಯವಸ್ಥೆಯ ಜೀವಾಳ. ಷರತ್ತುಗಳೂ ಉಂಟು: ಸೇವೆಯ ಹೊಣೆ ಸ್ಪಷ್ಟವಾಗಿರಬೇಕು, ನೆರವು ಅದರ ನಿವ್ವಳ ವೆಚ್ಚವನ್ನು ಮೀರಬಾರದು.

ಜರ್ಮನಿಯ ಎಆರ್‌ಡಿ, ಝಡ್‌ಡಿಎಫ್ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗೆ ಸಿಗುತ್ತಿದ್ದ ಹಣದ ಕುರಿತು ಒಕ್ಕೂಟ ನಡೆಸಿದ ತನಿಖೆ 2007ರಲ್ಲಿ ಮುಗಿದ ಬಳಿಕ, ಅಲ್ಲಿ ಹೊಸ ಡಿಜಿಟಲ್ ಸೇವೆಗಳನ್ನು ಆರಂಭಿಸುವ ಮುನ್ನ ಮೂರು ಹಂತದ ಪರೀಕ್ಷೆ ನಡೆಸುವ ನಿಯಮ ಜಾರಿಗೆ ಬಂತು. ವಾಣಿಜ್ಯ ವಾಹಿನಿಗಳ ದೂರಿನಿಂದ ಹುಟ್ಟಿದರೂ ಈ ಪರೀಕ್ಷೆ ಸಾರ್ವಜನಿಕ ಹಣದ ಉದ್ದೇಶವನ್ನು ಬಹಿರಂಗ ಚರ್ಚೆಗೆ ತಂದ ಮಹತ್ವದ ಹೆಜ್ಜೆ. ಒಕ್ಕೂಟದ 2009ರ ಪರಿಷ್ಕೃತ ಮಾರ್ಗಸೂಚಿ ಇಂಥ ಪೂರ್ವಪರಿಶೀಲನೆಯನ್ನು ಇತರ ಸದಸ್ಯ ರಾಷ್ಟ್ರಗಳಿಂದಲೂ ಅಪೇಕ್ಷಿಸಿತು.