ಪಟ್ಟಿಯಲ್ಲಿ ಹೆಸರು, ಟೇಪಿನಲ್ಲಿ ಕಡತ

ಯಾರೂ ಮುಟ್ಟದ ಹಳೆಯ ಕಡತಗಳನ್ನು ಹುಡುಕುವುದೇ ನನ್ನ ಪಿಎಚ್‌ಡಿಯ ಅರ್ಧ ಕೆಲಸ. ಹಾಗಾಗಿ ಕಂಪ್ಯೂಟರಿನ ಚರಿತ್ರೆ ಓದುವಾಗ ವೇಗದ ಕಥೆಗಿಂತ ನನ್ನನ್ನು ಹಿಡಿದದ್ದು ಇನ್ನೊಂದು: ಯಾವ ಕಡತ ಹತ್ತಿರವಿರಬೇಕು, ಯಾವುದು ದೂರ ಹೋಗಬೇಕು ಎಂಬ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿದ ಕಥೆ.

1970ರ ದಶಕದಲ್ಲಿ ಡಿಸ್ಕ್ ಬಲು ದುಬಾರಿ, ಟೇಪ್ ಅಗ್ಗ. ಆದರೆ ಟೇಪಿನ ಸುರುಳಿಯನ್ನು ಆಪರೇಟರು ಕಪಾಟಿನಿಂದ ತಂದು ಯಂತ್ರಕ್ಕೆ ಏರಿಸಬೇಕಿತ್ತು. 1974ರಲ್ಲಿ ಐಬಿಎಂ ಪ್ರಕಟಿಸಿದ 3850 ಎಂಬ ವ್ಯವಸ್ಥೆಯಲ್ಲಿ ಆ ಓಡಾಟವಿಲ್ಲ. ಜೇನುಗೂಡಿನಂಥ ಗೋಡೆ, ಕಣ್ಣಿಗೊಂದರಂತೆ ಮುಷ್ಟಿಯಲ್ಲಿ ಹಿಡಿಯಬಹುದಾದ ಕೊಳವೆ, ಅದರೊಳಗೆ ಅಗಲವಾದ ಟೇಪು, 50 ಮೆಗಾಬೈಟ್ ಮಾಹಿತಿ. ಬೇಕೆಂದಾಗ ಯಂತ್ರದ ಕೈ ಕೊಳವೆಯನ್ನು ಎಳೆದು ತರುತ್ತಿತ್ತು, ಮಾಹಿತಿ ಡಿಸ್ಕಿಗೆ ನಕಲಾಗುತ್ತಿತ್ತು. ಇಂದಿನ ಮೊಬೈಲಿನ ಹತ್ತಾರು ಫೋಟೊಗಳಿಗೇ ಆ ಕೊಳವೆ ಸಾಲದು, ಇರಲಿ.

ಅದೇ ದಶಕದ ಕೊನೆಗೆ ಐಬಿಎಂ ‘ಹೈರಾರ್ಕಿಕಲ್ ಸ್ಟೋರೇಜ್ ಮ್ಯಾನೇಜರ್’ ಎಂಬ ತಂತ್ರಾಂಶ ತಂದಿತು. ಕಡತವನ್ನು ಕೊನೆಯ ಬಾರಿ ಬಳಸಿದ್ದು ಯಾವಾಗ ಎಂದು ಅದು ನೋಡುತ್ತದೆ. ಗೊತ್ತುಪಡಿಸಿದಷ್ಟು ದಿನ ಯಾರೂ ತೆರೆಯದಿದ್ದರೆ ಟೇಪಿಗೆ ಸಾಗಿಸುತ್ತದೆ. ಹೆಸರು ಮಾತ್ರ ಪಟ್ಟಿಯಲ್ಲೇ ಉಳಿಯುತ್ತದೆ. ಡಿಸ್ಕಿನ ಹೆಸರಿರಬೇಕಾದಲ್ಲಿ ‘ಮೈಗ್ರಾಟ್’ ಎಂದಿರುತ್ತದೆ. ಅಲ್ಲಿರುವುದು ಆರು ಇಂಗ್ಲಿಷ್ ಅಕ್ಷರಗಳಿಗೆ ಜಾಗ, ಹಾಗಾಗಿ ಪದದ ಬಾಲ ತುಂಡಾಗಿದೆ. ಯಾರಾದರೂ ಆ ಹೆಸರು ಹಿಡಿದು ಕರೆದರೆ ಕಡತ ತಾನಾಗಿ ಡಿಸ್ಕಿಗೆ ಮರಳುತ್ತದೆ. ಕರೆದವರು ಸ್ವಲ್ಪ ಕಾಯಬೇಕು, ಅಷ್ಟೆ.

ದಿನಾಂಕವೊಂದೇ ಸಾಕೆ? 1981ರಲ್ಲಿ ಅಲನ್ ಜೇ ಸ್ಮಿತ್ ಸ್ಟ್ಯಾನ್‌ಫರ್ಡಿನ ವೇಗವರ್ಧಕ ಕೇಂದ್ರದ ಕಡತಗಳ ಬಳಕೆಯನ್ನು ಪರೀಕ್ಷಿಸಿ, ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲೇಸೆಂದು ತೋರಿಸಿದರು. ಹಳೆಯದೂ ದೊಡ್ಡದೂ ಆದದ್ದು ಮೊದಲು ಹೊರಡುತ್ತದೆ. ಸಣ್ಣದೊಂದು ಪತ್ರ ಹೆಚ್ಚು ಕಾಲ ಡಿಸ್ಕಿನಲ್ಲೇ ಉಳಿಯುತ್ತದೆ.

ಚರಿತ್ರೆಯ ವಿದ್ಯಾರ್ಥಿಗೆ ಈ ಲೆಕ್ಕ ಮೊದಲು ಹಿಡಿಸದು. ಮೂವತ್ತು ವರ್ಷ ಯಾರೂ ತೆರೆಯದ ಕಡತವೇ ನಮಗೆ ಬೇಕಾಗುವುದು ಹೆಚ್ಚು. ಆದರೂ ನನ್ನ ಒಲವು ಈ ತಂತ್ರಾಂಶದ ಕಡೆಗೇ. ಜಾಗ ಸಾಲದಾದಾಗ ಕಚೇರಿಗಳು ಹಳೆಯದನ್ನು ರದ್ದಿಗೆ ಹಾಕುತ್ತವೆ. ಇದು ‘ಈಗ ಬೇಡ’ ಎಂಬುದನ್ನು ‘ಬೇಡ’ ಎಂದು ಓದಲಿಲ್ಲ.

ಅಪಾಯವಿರುವುದು ಬೇರೆಡೆ. ಯಾವ ಕಡತ ಯಾವ ಟೇಪಿನಲ್ಲಿದೆ ಎಂಬ ಪಟ್ಟಿ ಹಾಳಾದರೆ, ಟೇಪುಗಳೆಲ್ಲ ಚೆನ್ನಾಗಿಯೇ ಇದ್ದರೂ ಹುಡುಕುವ ದಾರಿಯಿಲ್ಲ. ತಂತ್ರಾಂಶಕ್ಕೂ ಇದು ಗೊತ್ತು: ತಾನಾಗಿ ನಡೆಸುವ ಬ್ಯಾಕಪ್ಪಿನಲ್ಲಿ ಅದು ಮೊದಲು ಪ್ರತಿ ತೆಗೆಯುವುದು ಈ ಪಟ್ಟಿಗಳದ್ದು, ಆಮೇಲೆ ಬಳಕೆದಾರರ ಕಡತಗಳದ್ದು.